ಹಳೆಯ ದನಿಗೊಂದು ಎಚ್ಚರಿಕೆ

ಆ ಕಚೇರಿಯಲ್ಲಿ ಮಾತಾಡುವ ಪೆಟ್ಟಿಗೆಗೆ ಸಾಫ್ಟ್‌ವೇರ್ ಬರೆಯುತ್ತಿದ್ದರು, ಆದರೆ ಕಚೇರಿಯೊಳಗೆ ಯಾವ ಪೆಟ್ಟಿಗೆಗೂ ಬಾಯಿ ಬಿಡುವ ಹಕ್ಕಿರಲಿಲ್ಲ. ಗಂಟಲಿನ ಆಪರೇಷನ್ ಆದವರು, ನಾಲಿಗೆ ಸ್ವಾಧೀನ ತಪ್ಪಿದವರು ಅಂಗೈಯಗಲದ ಪರದೆಯ ಮೇಲೆ ಅಕ್ಷರ ಒತ್ತಿದರೆ ಪೆಟ್ಟಿಗೆ ಅದನ್ನು ಗಟ್ಟಿಯಾಗಿ ಹೇಳುತ್ತದೆ. ಒಂದೇ ಕೋಣೆಯಲ್ಲಿ ನಾಲ್ಕಾರು ಜನ ಕೂತು ಇಂಥ ಪೆಟ್ಟಿಗೆಗಳನ್ನು ಪರೀಕ್ಷಿಸಿದರೆ ಏನಾಗುತ್ತದೆಂದು ಬಿಡಿಸಿ ಹೇಳಬೇಕಿಲ್ಲ, ಸಂತೆಯೇ ವಾಸಿ. ಹಾಗಾಗಿ ಕೆಲಸಕ್ಕೆ ಕೂರುವ ಮುಂಚೆ ಎಲ್ಲರೂ ತಂತಮ್ಮ ಪೆಟ್ಟಿಗೆಯ ಸದ್ದು ಅಡಗಿಸಬೇಕು ಎನ್ನುವುದು ಅಲ್ಲಿಯ ಮೊದಲ ಕಟ್ಟಳೆ. ಎಲ್ಲರೂ ಅದನ್ನು ಚಾಚೂ ತಪ್ಪದೆ ಪಾಲಿಸುತ್ತಿದ್ದರು, ಎಡವಟ್ಟಾದದ್ದೂ ಅದರಿಂದಲೇ.

ಅವತ್ತು ಸಭೆ ಸೇರಿದ್ದು ಹಳೆಯ ದನಿಯ ವಿಚಾರಕ್ಕೆ. ಪೆಟ್ಟಿಗೆ ಹುಟ್ಟಿದ ಕಾಲದಲ್ಲಿ ಅದಕ್ಕೆ ಕೊಟ್ಟ ದನಿ ಬಹಳ ದಪ್ಪ, ಖಾಲಿ ಡ್ರಮ್ಮಿನೊಳಗೆ ಕೂತು ಯಾರೋ ಮಾತಾಡಿದ ಹಾಗೆ. ಆಮೇಲೆ ಇಂಪಾದ ಹೊಸ ದನಿ ಬಂತು. ಹೆಚ್ಚಿನವರು ಅದಕ್ಕೆ ಬದಲಾದರು. ಆದರೂ ಅಲ್ಲೊಬ್ಬರ ಇಲ್ಲೊಬ್ಬರ ಪೆಟ್ಟಿಗೆಯ ಸೆಟ್ಟಿಂಗ್‌ನಲ್ಲಿ ಹಳೆಯ ದನಿಯೇ ಉಳಿದಿತ್ತು. ಆ ಕೆಲವರಿಗಾಗಿ ಹಳೆಯ ಕೋಡನ್ನು ಸಾಕುತ್ತಾ ಇರಬೇಕು, ಮುಟ್ಟಿದರೆ ಮತ್ತೆಲ್ಲೋ ಕಳಚಿಕೊಳ್ಳುತ್ತದೆ. ಮುಂದೊಂದು ಆವೃತ್ತಿಯಲ್ಲಿ ಅದನ್ನು ತೆಗೆದುಹಾಕುವುದು ಎಂದು ತೀರ್ಮಾನವಾಗಿತ್ತು. ಉಳಿದದ್ದು ಒಂದೇ ಪ್ರಶ್ನೆ. ಅದನ್ನು ಬಳಸುತ್ತಿರುವವರಿಗೆ ಯಾವಾಗ ಎಚ್ಚರಿಕೆ ಕೊಡಬೇಕು?

"ಈಗ್ಲೇ ಯಾಕೆ ಹೆದರಿಸೋದು? ಇನ್ನೂ ಕಾಲ ಇದೆ, ಹತ್ತಿರ ಬಂದಾಗ ಹೇಳಿದ್ರಾಯ್ತು" ಎಂದರು ತಂಡದ ಮುಖ್ಯಸ್ಥರು. ಅವರಿಗೆ ಹುಡುಗರು ಇಟ್ಟ ಅಡ್ಡಹೆಸರು ತಾಳ್ಮೆ. ಮಾತು ಮಾತಿಗೂ "ತಾಳ್ಮೆ, ತಾಳ್ಮೆ" ಎನ್ನುತ್ತಾ ತಾವೇ ಮೊದಲು ಅದನ್ನು ಕಳೆದುಕೊಳ್ಳುವುದರಿಂದ ಬಂದದ್ದು.

"ಬೇಡ ಸರ್, ಪೆಟ್ಟಿಗೆ ತೆರೆದಾಗಲೆಲ್ಲ ತೋರಿಸ್ಬೇಕು" ಎಂದ ಪಕ್ಕದ ಕುರ್ಚಿಯವನು. ಅವನ ಅಡ್ಡಹೆಸರು ಗಡಿಬಿಡಿ, ಅದಕ್ಕೆ ವಿವರಣೆ ಬೇಕಿಲ್ಲ. "ಒಂದ್ಸಲ ತೋರಿಸಿ ಸುಮ್ಮನಾದ್ರೆ ಜನ ಸರಿ ಅಂತ ಒತ್ತಿ ಮರೆತುಬಿಡ್ತಾರೆ. ಆಮೇಲೆ ದನಿ ಹೋದ ದಿನ ನಮ್ಮ ಕುತ್ತಿಗೆ ಹಿಡೀತಾರೆ."

ಇಬ್ಬರೂ ಒಟ್ಟಿಗೆ ಅಕ್ಕನ ಕಡೆ ನೋಡಿದರು. ಸೆಟ್ಟಿಂಗ್‌ಗಳ ಕೋಡು ಬರೆಯುವವಳು ಅವಳು. ಕಚೇರಿಯಲ್ಲಿ ಎಲ್ಲರಿಗೂ ಅವಳು ಅಕ್ಕ, ಮನೆಯಲ್ಲಿ ಸೊಸೆ. ಈ ಕಥೆ ಹೆಚ್ಚಾಗಿ ಮನೆಯದ್ದಾದ್ದರಿಂದ ನಾವೂ ಸೊಸೆ ಎಂದೇ ಕರೆಯೋಣ.

"ಹತ್ತಿರ ಬಂದಾಗ ಹೇಳಿದ್ರೆ ಅದು ಎಚ್ಚರಿಕೆ ಅಲ್ಲ ಸರ್, ಸುದ್ದಿ" ಎಂದಳು ಸೊಸೆ. "ನಮಗೆ ಗೊತ್ತಿರೋದನ್ನ ಅವರಿಂದ ಮುಚ್ಚಿಡೋದು ನನ್ನ ಕೈಲಾಗಲ್ಲ. ಇವತ್ತಿಂದಲೇ ಹೇಳೋಣ, ತೆರೆದಾಗಲೆಲ್ಲ ಹೇಳೋಣ."

ಹೇಳಬೇಕಾದ್ದನ್ನು ಮುಖಕ್ಕೆ ಹೊಡೆದ ಹಾಗೆ ಹೇಳಿಬಿಡುವುದೇ ಸಭ್ಯತೆ ಎಂದು ನಂಬಿದವಳು ಅವಳು. ಆ ನಂಬಿಕೆಯಿಂದ ತವರಿನಲ್ಲಿ ಇಬ್ಬರು ಚಿಕ್ಕಮ್ಮಂದಿರ ಸ್ನೇಹ ಕಳೆದುಕೊಂಡಿದ್ದಳು, ನಂಬಿಕೆಯನ್ನು ಮಾತ್ರ ಬಿಟ್ಟಿರಲಿಲ್ಲ. ಊಟಕ್ಕೆ ಮುಂಚೆಯೇ ಎಚ್ಚರಿಕೆಯನ್ನು ಬರೆದು ಮುಗಿಸಿದಳು: "ನೀವು ಬಳಸುತ್ತಿರುವ ದನಿ ಹಳೆಯದು. ಮುಂಬರುವ ಆವೃತ್ತಿಯಲ್ಲಿ ಇದನ್ನು ತೆಗೆಯಲಾಗುವುದು. ದಯವಿಟ್ಟು ಸೆಟ್ಟಿಂಗ್ ಬದಲಿಸಿ." ಪೆಟ್ಟಿಗೆ ತೆರೆದರೆ ಪರದೆಯ ಮೇಲೆ ಹಳದಿ ಪಟ್ಟಿಯೊಂದು ಬರುತ್ತಿತ್ತು, ತುಸು ಹೊತ್ತು ನಿಂತು ಹೋಗುತ್ತಿತ್ತು. ಎಲ್ಲರೂ ನೋಡಿ ಚೆನ್ನಾಗಿದೆ ಎಂದರು. ಆ ಸಾಫ್ಟ್‌ವೇರಿನ ಇನ್ನೊಂದು ಹಳೆಯ ನಿಯಮ ಯಾರಿಗೂ ನೆನಪಾಗಲಿಲ್ಲ. ಬಳಸುವವರಲ್ಲಿ ಕಣ್ಣು ಮಂದವಾದವರೂ ಇರುತ್ತಾರೆಂದು, ಪರದೆಗೆ ಬಂದದ್ದನ್ನೆಲ್ಲ ಪೆಟ್ಟಿಗೆ ಗಟ್ಟಿಯಾಗಿ ಓದಲೇಬೇಕು ಎಂದು ಬಹಳ ಹಿಂದೆ ಅವರೇ ಬರೆದಿದ್ದರು. ಸದ್ದು ಅಡಗಿಸಿದ ಕೋಣೆಯಲ್ಲಿ ಅದು ಯಾರ ಕಿವಿಗೆ ಬೀಳಬೇಕು?

ದೀಪದ ಬುಡದಲ್ಲೇ ಕತ್ತಲೆ ಅನ್ನುತ್ತಾರೆ. ಹಳೆಯ ದನಿ ಬಿಡದ ಆ ಕೆಲವರಲ್ಲಿ ಒಬ್ಬರು ಸೊಸೆಯ ಮನೆಯಲ್ಲೇ ಇದ್ದರು, ಅವಳ ಮಾವ. ಇದು ಅವಳಿಗೆ ಗೊತ್ತಿಲ್ಲದ್ದೇನಲ್ಲ. ನಮ್ಮನೆಯದ್ದಲ್ಲವೇ, ರಜೆಯ ದಿನ ನೋಡಿ ನಾನೇ ಬದಲಿಸಿದರಾಯಿತು ಎಂದುಕೊಂಡಿದ್ದಳು.

ಮಾವ ಒಂದು ಕಾಲದಲ್ಲಿ ತರಕಾರಿ ಮಂಡಿಯಲ್ಲಿ ಹರಾಜು ಕೂಗುತ್ತಿದ್ದವರು. ಅವರು ಈರುಳ್ಳಿಯ ದರ ಕೂಗಿದರೆ ಮೂರು ಬೀದಿಯಾಚೆ ಮಲಗಿದ್ದ ಕೂಸು ಎದ್ದು ಕೂರುತ್ತಿತ್ತಂತೆ. ಗಂಟಲಲ್ಲಿ ಗಡ್ಡೆ ಎದ್ದು, ಡಾಕ್ಟರು ಅದರ ಜೊತೆ ದನಿಪೆಟ್ಟಿಗೆಯನ್ನೂ ತೆಗೆದ ಮೇಲೆ ಆ ಕೂಗು ನಿಂತಿತು. ಜೀವ ಉಳಿದದ್ದೇ ದೊಡ್ಡದು ಎಂದು ಬಂದವರೆಲ್ಲ ಹೇಳಿ ಹೋದರು. ಮಾವ ತಲೆಯಾಡಿಸಿದರು, ತಲೆಯಾಡಿಸುವುದು ಬಿಟ್ಟರೆ ಅವರಿಗೆ ಬೇರೆ ಉತ್ತರವೂ ಇರಲಿಲ್ಲ. ಆ ದಿನಗಳಲ್ಲಿ ಅವರು ಗೋಡೆಯ ಕಡೆ ಮುಖ ಮಾಡಿ ಮಲಗಿರುತ್ತಿದ್ದರು, ಅತ್ತೆ ಅವರ ಬೆನ್ನು ನೋಡುತ್ತಾ ಬಾಗಿಲಲ್ಲಿ ಕೂತಿರುತ್ತಿದ್ದರು. ಅದನ್ನು ನೋಡಲಾಗದೆ ಸೊಸೆ ತನ್ನ ಕಚೇರಿಯ ಪೆಟ್ಟಿಗೆಯೊಂದನ್ನು ತಂದು ಅವರ ಕೊರಳಿಗೆ ಹಾಕಿದಳು. ಮಾವನಿಗೆ ಮತ್ತೆ ಬಾಯಿ ಬಂತು. ಬೆರಳು ಅಕ್ಷರ ಒತ್ತುತ್ತಿದ್ದರೂ ತುಟಿಗಳು ಸುಮ್ಮನಿರದೆ ಅದೇ ಮಾತನ್ನು ಸದ್ದಿಲ್ಲದೆ ಆಡುತ್ತಿದ್ದವು. ಹಳೆಯ ಚಾಳಿ, ಬಿಡು ಎಂದರೆ ಬಿಡುತ್ತದೆಯೇ?

ಕಷ್ಟವಿದ್ದದ್ದು ಅತ್ತೆಯ ಕಿವಿಯಲ್ಲಿ. ಪ್ರಾಯದ ವರ್ಷಗಳನ್ನೆಲ್ಲ ಬಟ್ಟೆ ಗಿರಣಿಯ ಮಗ್ಗಗಳ ಗದ್ದಲದಲ್ಲಿ ಕಳೆದು ಅವರ ಕಿವಿ ಸವೆದುಹೋಗಿತ್ತು. ಹೊಸ ದನಿ ಹಾಕಿ ನೋಡಿದರೆ, "ಸೊಳ್ಳೆ ಗುಂಯ್ ಅಂದ ಹಾಗಿದೆ" ಎಂದರು. ಸೊಸೆ ಹಟ ಹಿಡಿದು ಹಳೆಯ ದಪ್ಪ ದನಿಯನ್ನೇ ಮತ್ತಷ್ಟು ತಗ್ಗಿಸಿ, ನಿಧಾನ ಮಾಡಿ, ಪದ ಪದದ ನಡುವೆ ಬಿಡುವು ಕೊಟ್ಟು, ಸಂಜೆ ಸಂಜೆ "ಈಗ ಕೇಳಿಸ್ತಾ ಅತ್ತೆ?" ಎಂದು ಕೇಳಿ ಕೇಳಿ ಹದಕ್ಕೆ ತಂದಿದ್ದಳು. ಒಂದು ದಿನ ಅತ್ತೆ "ಹೂಂ, ಕೇಳಿಸ್ತು" ಎಂದಾಗ ಅವಳಿಗೆ ಆದ ಖುಷಿ ಕಚೇರಿಯ ಯಾವ ಕೆಲಸದಿಂದಲೂ ಆಗಿರಲಿಲ್ಲ. ಮಾವನ ಬೆರಳು ತಗುಲಿ ಆ ಹದ ಕೆಡದಿರಲೆಂದು ಸೆಟ್ಟಿಂಗ್‌ಗೆ ಬೀಗವನ್ನೂ ಹಾಕಿದಳು. ಬೀಗದ ಗುಟ್ಟು ಅವಳಿಗೆ ಮಾತ್ರ ಗೊತ್ತು.

ಅಂದಿನಿಂದ ಸಂಜೆಯ ಚಹಾ ಆದ ಮೇಲೆ ಇಬ್ಬರೂ ಅಡುಗೆಮನೆಯ ಹೊರಗಿನ ಬೆಂಚಿನ ಮೇಲೆ ಎದುರುಬದುರು ಕಾಲು ಮಡಚಿ ಕೂರುತ್ತಿದ್ದರು. ಮಾವ ಬೀದಿಯಲ್ಲಿ ಕಂಡದ್ದನ್ನು, ಕಾಣದ್ದನ್ನು, ತಮ್ಮ ಕಾಲದ ಮಂಡಿಯ ಜಗಳಗಳನ್ನು ಪೆಟ್ಟಿಗೆಯಿಂದ ಹೇಳಿಸುತ್ತಿದ್ದರು. ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಗುತ್ತಿದ್ದರು. ಸೊಸೆಯ ಗಂಡ ಗೂಡ್ಸ್ ರೈಲು ಓಡಿಸುವವನು, ವಾರಗಟ್ಟಲೆ ಮನೆಗೆ ಬಾರದವನು. ಅವನು ಫೋನ್ ಮಾಡಿದಾಗ ಸೊಸೆ ಮೊದಲು ಹೇಳುತ್ತಿದ್ದದ್ದೇ ಇದು, "ಇಬ್ರೂ ಹೊರಗೆ ಕೂತು ಹರಟ್ತಾ ಇದಾರೆ." ಆ ಒಂದು ಮಾತು ಸಾಕಿತ್ತು, ಅವನು ಬೇರೆ ಕ್ಷೇಮ ಕೇಳುತ್ತಿರಲಿಲ್ಲ.

ಆ ಹರಟೆ ನಿಂತುಹೋಯಿತು.

ಮೊದಲು ಗಮನಿಸಿದ್ದು ಅತ್ತೆ. ಸೊಸೆ ಕೆಲಸದಿಂದ ಬಂದು ಚಪ್ಪಲಿ ಬಿಡುವಷ್ಟರಲ್ಲಿ ಬಾಗಿಲಿಗೇ ಬಂದು, "ನಿಮ್ಮ ಮಾವ ನನ್ನ ಮೇಲೆ ಸಿಟ್ಟಾಗಿದಾರೆ" ಎಂದರು.

"ಯಾಕತ್ತೆ, ಏನಾಯ್ತು?" ಎದುರು ನಿಂತು ಬಿಡಿಸಿ ಹೇಳಿದರೆ ಅತ್ತೆಗೆ ಹೇಗೋ ತಿಳಿಯುತ್ತಿತ್ತು.

"ಮಾತಾಡಲ್ಲ. ಪೆಟ್ಟಿಗೆನೇ ಹಾಕ್ಕೊಳ್ಳಲ್ಲ. ತುಟಿ ಬಿಗಿದು ಕೈಸನ್ನೆ ಮಾಡ್ತಾರೆ. ಬೆಳಿಗ್ಗೆ ಎರಡು ಬೆರಳು ಕಣ್ಣ ಹತ್ರ ಹಿಡಿದ್ರು. ಕಣ್ಣುರಿ ಅಂದ್ಕೊಂಡು ತಣ್ಣೀರು ಬಟ್ಟೆ ತಂದುಕೊಟ್ಟೆ. ಅವರಿಗೆ ಬೇಕಾಗಿದ್ದು ಕನ್ನಡಕ ಅಂತೆ."

ಸೊಸೆಗೆ ನಗು ಬಂತು. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ, ನಾಳೆಗೆ ಸರಿಹೋಗುತ್ತದೆ ಎಂದಳು. ನಾಳೆ ಹೋಗಿ ನಾಡಿದ್ದು ಬಂದರೂ ಸರಿಹೋಗಲಿಲ್ಲ. ಮಾವ ಬೆಂಚಿನ ಮೇಲೆ ಕೂರುವುದನ್ನು ಬಿಡಲಿಲ್ಲ, ಆದರೆ ಬೀದಿಗೆ ಮುಖ ಮಾಡಿ ಕೂರುತ್ತಿದ್ದರು. ಅತ್ತೆ ಎದುರಿಗೆ ಬಂದು ಕೂತು, ಅವರ ಮುಖವನ್ನೇ ನೋಡಿ, ಏನೂ ಸಿಗದೆ ಎದ್ದು ಒಳಗೆ ಹೋಗುತ್ತಿದ್ದರು. ಒಂದು ಸಂಜೆ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಾ, "ಕಿವುಡಿ ಜೊತೆ ಮಾತಾಡಿ ಮಾತಾಡಿ ಸಾಕಾಗಿರ್ಬೇಕು ಪಾಪ. ಎಷ್ಟು ದಿನ ಅಂತ ಮಾಡ್ತಾರೆ?" ಎಂದರು. ಅಳಲಿಲ್ಲ, ಪಾತ್ರೆ ಉಜ್ಜುತ್ತಲೇ ಇದ್ದರು. ಇನ್ನು ನಾಳೆ ಎನ್ನಬಾರದು ಎಂದು ಸೊಸೆ ನೇರವಾಗಿ ಮಾವನ ಕೋಣೆಗೆ ಹೋದಳು.

ಮಾವ ಮಂಚದ ಮೇಲೆ ಕೂತಿದ್ದರು, ಪೆಟ್ಟಿಗೆ ಕಪಾಟಿನಲ್ಲಿ ಮಡಚಿಟ್ಟ ಪಂಚೆಗಳ ಕೆಳಗಿತ್ತು. ಅವಳು ಅದನ್ನು ಎತ್ತಿ ತೆರೆದಳು. ಹಳದಿ ಪಟ್ಟಿ ಬಂತು, ಅದರ ಜೊತೆಗೇ ಆ ದಪ್ಪ ದನಿ ಕೋಣೆ ತುಂಬಾ ಮೊಳಗಿತು. "ನೀವು. ಬಳಸುತ್ತಿರುವ. ದನಿ. ಹಳೆಯದು." ಬಿಡುವು ಕೊಟ್ಟು ಕೊಟ್ಟು, ಅವಳೇ ಕೂತು ತಿದ್ದಿದ ನಿಧಾನದಲ್ಲಿ, ಮಾವನದ್ದೆಂದು ಮನೆಮಂದಿ ಒಪ್ಪಿಕೊಂಡಿದ್ದ ದನಿಯಲ್ಲಿ, ಅವಳೇ ಬರೆದ ಮೂರು ವಾಕ್ಯಗಳು. ಕೊನೆಯ ತನಕ ಕೇಳದೆ ಅವಳಿಗೆ ಬೇರೆ ದಾರಿಯಿರಲಿಲ್ಲ, ನಡುವೆ ನಿಲ್ಲಿಸುವ ಗುಂಡಿಯನ್ನು ಅವಳು ಇಟ್ಟಿರಲಿಲ್ಲ.

"ಇದು ಯಾವಾಗಿಂದ ಹೀಗೆ ಹೇಳ್ತಿದೆ ಮಾವ?"

ಮಾವ ಮಂಚದ ಮೇಲೆ ಜರುಗಿ ಅವಳಿಗೆ ಜಾಗ ಮಾಡಿಕೊಟ್ಟರು. ಪೆಟ್ಟಿಗೆ ತೆಗೆದುಕೊಂಡು, ಅತ್ತೆ ಅಡುಗೆಮನೆಯಲ್ಲೇ ಇದ್ದಾರೆಂದು ಕಣ್ಣಲ್ಲೇ ನೋಡಿಕೊಂಡು ಒತ್ತತೊಡಗಿದರು. ಕ್ಷೌರದಂಗಡಿಯಲ್ಲಿ ಮೊದಲು ಹೇಳಿತಂತೆ. ಮೀಸೆ ಸಣ್ಣಗೆ ಕತ್ತರಿಸು ಎನ್ನಲು ತೆರೆದರೆ ಪೆಟ್ಟಿಗೆ ಇದನ್ನು ಸಾರಿತು, ಕಾಯುತ್ತಿದ್ದವರೆಲ್ಲ ನಕ್ಕರು. "ನಗ್ಲಿ ಬಿಡು" ಎಂದಿತು ಪೆಟ್ಟಿಗೆ. "ಮಂಡಿಯಲ್ಲಿ ಇದಕ್ಕಿಂತ ಹೆಚ್ಚು ನಗಿಸಿದೀನಿ. ಆದ್ರೆ ದನಿ ಹೋಗುತ್ತೆ ಅಂತ ಅಲ್ವಾ ಅದು ಹೇಳೋದು?"

"ಹೋದ್ರೆ ಹೊಸದು ಬರುತ್ತೆ ಮಾವ."

"ಹೊಸದು ಅವಳಿಗೆ ಕೇಳಿಸಲ್ಲ. ಸೊಳ್ಳೆ." ಮಾವ ಮತ್ತೆ ಒತ್ತಿದರು. "ಹಿಂದೆ ಒಂದ್ಸಲ ನನ್ನ ದನಿ ಹೇಳದೆ ಕೇಳದೆ ಹೋಯ್ತು. ನನಗಿಂತ ಅವಳು ಸೊರಗಿದ್ಲು. ಈ ಸಲ ಮುಂಚೇನೇ ಗೊತ್ತಾಗಿದೆಯಲ್ಲ. ಮೆಲ್ಲಗೆ ಸನ್ನೆ ಅಭ್ಯಾಸ ಮಾಡಿಸಿದ್ರೆ ದನಿ ಹೋದ ದಿನ ಅವಳಿಗೆ ಗೊತ್ತೇ ಆಗಲ್ಲ ಅಂದ್ಕೊಂಡೆ."

"ನನ್ನ ಒಂದು ಮಾತು ಕೇಳ್ಬಾರ್ದಿತ್ತಾ?" ಎಂದಳು ಸೊಸೆ.

"ನಿನ್ನ ಕಚೇರಿ ತೀರ್ಮಾನ. ಮನೆಯವರು ಬಾಯಿ ಹಾಕಿದ್ರೆ ನಿನಗೆ ಮುಜುಗರ. ಸೆಟ್ಟಿಂಗ್ ಬದಲಿಸಿ ಅಂತಾನೂ ಹೇಳ್ತು. ಎಲ್ಲಾ ಒತ್ತಿ ನೋಡಿದೆ, ಸಿಗ್ಲಿಲ್ಲ."

ಸಿಗುವುದು ಹೇಗೆ? ಬೀಗ ಹಾಕಿದವಳೇ ಎದುರಿಗೆ ಕೂತಿದ್ದಳು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ. ಬದಲಿಸಬೇಕಾದವಳು ತಾನು, ದಿನವೂ ಎಚ್ಚರಿಕೆ ಕೇಳಿಸಿಕೊಂಡದ್ದು ಏನೂ ಮಾಡಲಾಗದ ಈ ಮುದುಕ. ಅದೂ ಅವರ ಬಾಯಿಂದಲೇ ಹೇಳಿಸಿದ್ದಾಯಿತು. ಸೊಸೆ ಮಾವನ ಮಂಚದ ಮೇಲೆ ಕೂತು ಮಕ್ಕಳ ಹಾಗೆ ಅತ್ತಳು. ಮಾವ ಗಾಬರಿಯಿಂದ ಪೆಟ್ಟಿಗೆಯಲ್ಲಿ "ಅಳಬೇಡ" ಎಂದು ಒತ್ತಿದರು. ಆ ಡ್ರಮ್ಮಿನ ದನಿಯ ಅಳಬೇಡ ಗದರಿದ ಹಾಗೆ ಕೇಳಿ ಅವಳಿಗೆ ಅಳುವಿನ ನಡುವೆಯೇ ನಗು ಬಂದುಬಿಟ್ಟಿತು.

ಮರುದಿನ ಕಚೇರಿಯಲ್ಲಿ ಅವಳು ಮೊದಲ ಕಟ್ಟಳೆಯನ್ನು ಮುರಿದಳು. ಸಭೆಯ ಮೇಜಿನ ನಡುವೆ ಹಳೆಯ ದನಿಯ ಪೆಟ್ಟಿಗೆ ಇಟ್ಟು, ಸದ್ದು ಪೂರ್ತಿ ಏರಿಸಿ ತೆರೆದಳು. ಮೊದಲ ವಾಕ್ಯಕ್ಕೆ ಎಲ್ಲರೂ ನಕ್ಕರು. ಎರಡನೆಯದಕ್ಕೆ ನಗು ಇಳಿಯಿತು. ಅವಳು ಮಾವನ ಕಥೆ ಹೇಳಿ ಮುಗಿಸುವಷ್ಟರಲ್ಲಿ ತಾಳ್ಮೆಯವರು ಕನ್ನಡಕ ತೆಗೆದು ಒರೆಸತೊಡಗಿದ್ದರು.

"ತೆಗೆದುಬಿಡೋಣ" ಎಂದ ಗಡಿಬಿಡಿ. "ಎಚ್ಚರಿಕೆನೇ ಬೇಡ. ಸದ್ದಿಲ್ಲದೆ ಹೊಸ ದನಿಗೆ ಬದಲಾಯಿಸಿಬಿಡೋಣ. ಯಾರಿಗೂ ಬೇಜಾರಿಲ್ಲ."

"ಬೆಳಿಗ್ಗೆ ಎದ್ದು ಬಾಯಿ ಬಿಟ್ರೆ ಬೇರೆ ಯಾರದ್ದೋ ದನಿ ಬರುತ್ತೆ. ಅದು ಬೇಜಾರಲ್ವಾ?" ಎಂದಳು ಸೊಸೆ.

"ಮತ್ತೆ ಯಾವಾಗ ಹೇಳೋದು ಅಕ್ಕ? ಹೇಳಿದ್ರೂ ತಪ್ಪು, ಹೇಳದಿದ್ರೂ ತಪ್ಪು. ಹಾವೂ ಸಾಯಬಾರ್ದು, ಕೋಲೂ ಮುರೀಬಾರ್ದು ಅಂದ್ರೆ ಹೇಗೆ?"

ಎಂದೂ ಉತ್ತರಕ್ಕೆ ತಡಕಾಡದವಳು ಮೇಜಿನ ಅಂಚನ್ನು ಉಗುರಿನಿಂದ ಕೆರೆಯುತ್ತಾ ಕೂತಳು. ಸದ್ಯಕ್ಕೆ ಎಚ್ಚರಿಕೆಯನ್ನು ಹಿಂತೆಗೆದುಕೊಂಡರು. ಯಾವಾಗ, ಯಾರಿಗೆ, ಹೇಗೆ ಹೇಳಬೇಕೆಂದು ಅವಳೇ ಯೋಚಿಸಿ ಬರೆದು ತರಲಿ ಎಂದರು ತಾಳ್ಮೆಯವರು. ಅಲ್ಲಿಯ ತನಕ ಹಳೆಯ ದನಿಗೆ ಯಾರೂ ಕೈ ಹಚ್ಚುವಂತಿಲ್ಲ. ಹೋಗುವಾಗ, "ತಾಳ್ಮೆಯಿಂದ ಮಾಡಿ, ಆದ್ರೆ ಬೇಗ ಮಾಡಿ" ಎಂದರು.

ಸೊಸೆ ಎರಡು ಕೆಲಸ ಹಿಡಿದಳು. ಒಂದು, ಹೊಸ ದನಿಯನ್ನೂ ಹಳೆಯದರಷ್ಟೇ ತಗ್ಗಿಸಿ ದಪ್ಪ ಮಾಡಲು ಬರುವಂತೆ ಕೋಡು ತಿದ್ದಿದಳು. ಹೀಗಾದರೆ ಹಳೆಯದು ಹೋದರೂ ಅತ್ತೆಗೆ ಮಾವನ ಮಾತು ಕೇಳಿಸುತ್ತದೆ ಎಂಬ ಲೆಕ್ಕಾಚಾರ. ಇನ್ನೊಂದು, ಎಚ್ಚರಿಕೆಯ ನಿಯಮ. ಅದರಲ್ಲಿ ಒಂದು ಸಾಲೂ ಮುಂದೆ ಹೋಗಲಿಲ್ಲ. ಮಾವ ಅವಳ ಮಾತಿಗೆ ಒಪ್ಪಿ ಪೆಟ್ಟಿಗೆ ಹಾಕಿಕೊಂಡರೂ ಅತ್ತೆಯ ಎದುರು ತೆರೆಯಲು ಇನ್ನೂ ಹಿಂದೆಮುಂದೆ ನೋಡುತ್ತಿದ್ದರು. ಹೋಗುವ ದನಿಯನ್ನು ಮತ್ತೆ ಅಭ್ಯಾಸ ಮಾಡಿಸುವುದೇಕೆ ಎಂಬುದು ಅವರ ವಾದ.

ರಜೆಯ ದಿನ ಮಧ್ಯಾಹ್ನ, ಹೊಸ ದನಿ ಸಿದ್ಧವಾಯಿತೆಂದು ಇಬ್ಬರನ್ನೂ ಕೂರಿಸಿದಳು. ಅತ್ತೆಗೆ ವಿಷಯವೇನೂ ಗೊತ್ತಿರಲಿಲ್ಲ, ಕಿವಿಯ ಪರೀಕ್ಷೆ ಎಂದಷ್ಟೇ ಹೇಳಿದ್ದಳು. ಅವಳು ಏನು ಮಾಡಿದರೂ ಕ್ರಮವಾಗಿ ಮಾಡುವವಳು. ಅತ್ತೆ ಪರದೆ ನೋಡಿ ಓದಿಬಿಟ್ಟರೆ ಪರೀಕ್ಷೆ ಕೆಡುತ್ತದೆಂದು ಅವರನ್ನು ಕಿಟಕಿಯ ಕಡೆ ಮುಖ ಮಾಡಿ ಕೂರಿಸಿ, ಮಾವನನ್ನು ಅವರ ಬೆನ್ನ ಹಿಂದೆ ಕೂರಿಸಿದಳು.

"ಏನಾದ್ರೂ ಹೇಳಿ ಮಾವ."

ಮಾವ ಒತ್ತಿದರು. "ಬದನೆಕಾಯಿ ಬಂತು ಬದನೆಕಾಯಿ" ಎಂದಿತು ಹೊಸ ದನಿ, ಸಾಕಷ್ಟು ದಪ್ಪವಾಗಿಯೇ. ಅತ್ತೆ ಅಲುಗಲಿಲ್ಲ. ಸೊಸೆ ದನಿಯನ್ನು ಇನ್ನೂ ತಗ್ಗಿಸಿದಳು. ಅತ್ತೆ ಕಿಟಕಿಯಾಚೆ ನೋಡುತ್ತಿದ್ದರು. ಸದ್ದು ಪೂರ್ತಿ ಏರಿಸಿದಳು, ಪಕ್ಕದ ಮನೆಯವರು ಬಾಗಿಲು ತೆರೆದು ಇಣುಕಿ ಹೋದರು. ಅತ್ತೆ ಸೆರಗಿನ ತುದಿಯ ನೂಲು ಎಳೆಯುತ್ತಾ, "ಶುರು ಮಾಡಿದ್ರಾ?" ಎಂದು ಕೇಳಿದರು.

ತನ್ನ ಕೋಡಿನದ್ದೇ ದೋಷ ಎಂದುಕೊಂಡಳು ಸೊಸೆ. ಹೋಲಿಸಿ ನೋಡಲೆಂದು ಹಳೆಯ ದನಿಗೆ ಮರಳಿದಳು, ಅದೇ ಹದ, ಅದೇ ಬಿಡುವು. "ಬದನೆಕಾಯಿ. ಬಂತು. ಬದನೆಕಾಯಿ." ಅತ್ತೆಯ ಬೆನ್ನು ಹಾಗೇ ಇತ್ತು. ಮಾವ ಇನ್ನೊಮ್ಮೆ ಒತ್ತಿದರು, ಮತ್ತೊಮ್ಮೆ ಒತ್ತಿದರು. ಕೊನೆಗೆ ಅತ್ತೆಯನ್ನು ಅವರ ಅಡ್ಡಹೆಸರಿನಿಂದ ಕರೆದರು, "ಬಂಗಾರಿ." ಇಡೀ ಬೀದಿಗೆ ಕೇಳಿಸಿರಬೇಕು. ಅತ್ತೆಗೆ ಮಾತ್ರ ಕೇಳಿಸಲಿಲ್ಲ.

ಸೊಸೆ ಎದುರಿಗೆ ಬಂದು ಮೊಣಕಾಲೂರಿ ಕೂತಳು. "ಅತ್ತೆ, ಹಳೆ ದನಿನೂ ಕೇಳಿಸಲ್ವಾ?"

ಅತ್ತೆ ಅವಳ ಮುಖ ನೋಡಿದರು, ತಿರುಗಿ ಹಿಂದಿದ್ದ ಗಂಡನ ಮುಖ ನೋಡಿದರು. ಕದ್ದು ಸಿಕ್ಕಿಬಿದ್ದ ಮಗುವಿನ ಹಾಗೆ ತಲೆ ತಗ್ಗಿಸಿದರು.

"ಮೊದಮೊದಲು ಕೇಳಿಸ್ತಿತ್ತು" ಎಂದರು. "ಆಮೇಲೆ ಬರೀ ಗುಡುಗುಡು. ಈಗ ಅದೂ ಇಲ್ಲ."

"ಮತ್ತೆ ಇಷ್ಟು ದಿನ ಮಾವ ಹೇಳಿದ್ದಕ್ಕೆಲ್ಲ ನಗ್ತಿದ್ರಲ್ಲ?"

"ತುಟಿ ನೋಡಿ. ಗಿರಣಿಯಲ್ಲಿ ಮಗ್ಗದ ಸದ್ದಿಗೆ ಯಾರಿಗೆ ಯಾರ ಮಾತು ಕೇಳಿಸ್ತಿತ್ತು ಹೇಳು? ಆಚೆ ಸಾಲಿನವಳು ತುಟಿ ಆಡಿಸಿದ್ರೆ ಈಚೆ ನಾನು ಓದ್ತಿದ್ದೆ. ಅಲ್ಲಿ ಎಲ್ರೂ ಹಾಗೇ. ಇವರು ಒತ್ತುವಾಗ ತುಟಿ ಆಡಿಸ್ತಾರಲ್ಲ, ಪೆಟ್ಟಿಗೆ ಹೇಳೋಕೆ ಮುಂಚೆನೇ ನನಗೆ ಗೊತ್ತಾಗ್ತಿತ್ತು."

ಸೊಸೆಗೆ ಸಂಜೆ ಸಂಜೆ ಕೂತು ಆ ದನಿ ತಿದ್ದಿದ್ದೆಲ್ಲ ಒಮ್ಮೆಗೇ ಕಣ್ಣೆದುರು ಬಂತು. ಒಂದು ಗಳಿಗೆ ಅವಳಿಗೆ ನಿಜವಾಗಿ ನೋವಾಯಿತು. "ನನಗಾದ್ರೂ ಹೇಳ್ಬೇಕಿತ್ತಲ್ಲ ಅತ್ತೆ."

"ಯಾವಾಗ ಹೇಳ್ಲಿ? ನೀನು ಸುಸ್ತಾಗಿ ಬಂದು, ಚಹಾನೂ ಕುಡೀದೆ, ಕೇಳಿಸ್ತಾ ಕೇಳಿಸ್ತಾ ಅಂತ ಕೇಳ್ತಿದ್ದೆ. ಇರೋ ಕಿವಿನೂ ಹೋಗ್ತಾ ಇದೆ ಅನ್ನೋಕೆ ನನಗೆ ಬಾಯಿ ಬರ್ಲಿಲ್ಲ. ಇವರು ಗೋಡೆ ಬಿಟ್ಟು ನನ್ನ ಕಡೆ ತಿರುಗಿದ್ದೇ ಈ ಪೆಟ್ಟಿಗೆ ಬಂದ್ಮೇಲೆ. ಅಷ್ಟು ಖುಷಿಯಾಗಿ ಮಾತಾಡ್ತಿರೋರ ನಡುವೆ ಬಾಯಿ ಹಾಕಿ, ನಿಮ್ಮ ದನಿ ನನಗೆ ಕೇಳಿಸಲ್ಲ ಅನ್ನೋದಾ? ಆಮೇಲೆ ಹೇಳೋಣ ಅಂದ್ಕೊಂಡೆ. ಆ ಆಮೇಲೆ ಬರ್ಲೇ ಇಲ್ಲ."

ಒಬ್ಬರು ದನಿ ಹೋಗುತ್ತದೆಂದು ಹೇಳದೆ ಬಾಯಿ ಮುಚ್ಚಿದ್ದರು, ಇನ್ನೊಬ್ಬರು ಕಿವಿ ಹೋಯಿತೆಂದು ಹೇಳದೆ ಕಣ್ಣು ನೆಟ್ಟಿದ್ದರು. ಕಂತೆಗೆ ತಕ್ಕ ಬೊಂತೆ ಅನ್ನುವುದು ಇಂಥ ಜೋಡಿಗೇ. ಸೊಸೆ ಈಗ ಮುಚ್ಚಿಡುವುದು ಏನೂ ಉಳಿದಿಲ್ಲವೆಂದು ಅತ್ತೆಯ ಎದುರು ಕೂತು ಎಲ್ಲವನ್ನೂ ಹೇಳಿದಳು. ಹಳೆಯ ದನಿಯನ್ನು ತೆಗೆಯುವ ವಿಚಾರ, ತಾನು ಬರೆದ ಎಚ್ಚರಿಕೆ, ಕ್ಷೌರದಂಗಡಿ, ಮಾವ ಸನ್ನೆ ಕಲಿಸಲು ಹೊರಟ ಕಾರಣ. ಕೇಳುತ್ತಾ ಕೇಳುತ್ತಾ ಅತ್ತೆಯ ಮುಖದಲ್ಲಿ ಸಿಟ್ಟು ಏರಿತು, ಅದಕ್ಕಿಂತ ಹೆಚ್ಚಾಗಿ ಸಮಾಧಾನ. ಗಂಡ ಮಾತು ಬಿಟ್ಟದ್ದು ತನ್ನ ಮೇಲಿನ ಬೇಸರಕ್ಕಲ್ಲ ಎಂಬುದೊಂದೇ ಅವರಿಗೆ ಬೇಕಾಗಿದ್ದ ಸುದ್ದಿ.

"ಹಾಗಿದ್ರೆ ಯಾವಾಗ ಹೇಳ್ಬೇಕು ಅತ್ತೆ?" ಕಚೇರಿಯಲ್ಲಿ ಗಡಿಬಿಡಿ ತನ್ನನ್ನು ಕೇಳಿದ್ದನ್ನೇ ಸೊಸೆ ಕೇಳಿದಳು. "ನಾನು ಬೇಗ ಹೇಳಿ ಕೆಡಿಸಿದೆ. ನೀವಿಬ್ರೂ ಹೇಳದೆ ಕೆಡಿಸಿದ್ರಿ."

"ಬೇಗ ಹೇಳಿದ್ದು ತಪ್ಪಲ್ಲ ಕಣೇ" ಎಂದರು ಅತ್ತೆ. "ಮಾತಾಡೋರ ಬಾಯಿಗೆ ಅಡ್ಡ ಬಂದು ಹೇಳಿದ್ದು ತಪ್ಪು. ಹೇಳಿ ಎದ್ದು ಹೋಗಿದ್ದು ತಪ್ಪು. ಹೀಗೆ ಬಿಡುವಾಗಿ ಕೂತಿರೋವಾಗ ಹೇಳ್ಬೇಕು. ಹೇಳಿದ್ಮೇಲೆ ಮುಂದೇನು ಅಂತಾನೂ ಜೊತೆಗೆ ಕೂತು ನೋಡ್ಬೇಕು."

ಸೊಸೆ ತನ್ನ ಲ್ಯಾಪ್‌ಟಾಪ್ ತಂದು ಅಲ್ಲೇ ನೆಲದ ಮೇಲೆ ಕೂತು ನಿಯಮ ಬರೆದಳು. ಬಹಳ ದಿನ ಹಟ ಮಾಡಿದ್ದು ಸಲೀಸಾಗಿ ಬಂತು. ಎಚ್ಚರಿಕೆಯನ್ನು ತಡಮಾಡದೆ ಕೊಡುವುದು, ಆದರೆ ಪೆಟ್ಟಿಗೆಯ ಬಾಯಿಂದ ಎಂದೂ ಬೇಡ. ಮನುಷ್ಯ ಮಾತಾಡಲು ತೆರೆದಾಗ ಬೇಡ, ಮಾತು ಮುಗಿಸಿ ಚಾರ್ಜಿಗೆ ಇಟ್ಟಾಗ ತೋರಿಸುವುದು. ಸೆಟ್ಟಿಂಗ್‌ಗೆ ಬೀಗ ಹಾಕಿದವರು ಬೇರೆಯಿದ್ದರೆ ಮೊದಲು ಅವರ ಫೋನಿಗೆ ಕಳಿಸುವುದು. ಪಕ್ಕದಲ್ಲೇ ಹೊಸ ದನಿ ಕೇಳಿ ನೋಡುವ ಗುಂಡಿ, ಒಗ್ಗದಿದ್ದರೆ ಸದ್ಯಕ್ಕೆ ಹಿಂದಿರುಗುವ ಗುಂಡಿ, ನಮ್ಮನ್ನು ಕರೆಯಲು ಒಂದು ನಂಬರು. ಒಗ್ಗದವರು ಒಬ್ಬರಿದ್ದರೂ ಅವರೊಡನೆ ಮಾತಾಡುವ ತನಕ ಹಳೆಯದನ್ನು ತೆಗೆಯಬಾರದು. ಬರೆದು ಮುಗಿಸಿ ತಲೆ ಎತ್ತಿದಾಗ ಕೋಣೆ ತೀರಾ ಸದ್ದಿಲ್ಲದಾಗಿತ್ತು.

ಮಾವ ಬೆನ್ನ ಹಿಂದಿನ ಕುರ್ಚಿಯಿಂದ ಎದ್ದು ಬಂದು ಅತ್ತೆಯ ಎದುರು ಕೂತಿದ್ದರು. ಪೆಟ್ಟಿಗೆಯನ್ನು ಕೊರಳಿಂದ ತೆಗೆದು ಕಿಟಕಿಯಲ್ಲಿಟ್ಟಿದ್ದರು. ಅವರ ತುಟಿಗಳು ಆಡುತ್ತಿದ್ದವು. ಏನು ಹೇಳುತ್ತಿದ್ದರೋ ಸೊಸೆಗೆ ಒಂದಕ್ಷರವೂ ತಿಳಿಯಲಿಲ್ಲ. ಅತ್ತೆ ಮಾತ್ರ ಉತ್ತರ ಕೊಡುತ್ತಿದ್ದರು.

"ಇಲ್ಲ, ಈಗ ಸಿಟ್ಟಿಲ್ಲ" ಎಂದರು ಅತ್ತೆ. ಮಾವನ ತುಟಿ ಮತ್ತೆ ಆಡಿತು. "ಪೆಟ್ಟಿಗೆ ಮುಚ್ಚಿದ್ರೆ ಮುಚ್ಕೊಳ್ಳಿ. ಬಾಯಿ ಯಾಕೆ ಮುಚ್ಚಿದ್ರಿ? ನಾನು ಅದನ್ನೇ ನೋಡ್ಕೊಂಡು ದಿನ ಕಳೀತಿದ್ದೆ."

ಮಾವ ತಲೆ ತಗ್ಗಿಸಿದರು. ಆಮೇಲೆ ತಲೆ ಎತ್ತಿ, ಅತ್ತೆಯ ಎರಡೂ ಕೈ ಹಿಡಿದುಕೊಂಡು ಇನ್ನೇನೋ ಹೇಳಿದರು, ಚಿಕ್ಕದೊಂದು ಮಾತು. ಅತ್ತೆಯ ಕಿವಿಯ ತುದಿ ಕೆಂಪಾಯಿತು.

"ಅರ್ಥ ಆಗ್ಲಿಲ್ಲ" ಎಂದರು. "ಇನ್ನೊಂದ್ಸಲ ಹೇಳಿ."

ಮಾವ ಬಿಡಿಸಿ, ನಿಧಾನವಾಗಿ, ಪದ ಪದಕ್ಕೂ ಬಿಡುವು ಕೊಟ್ಟು ಹೇಳಿದರು. ಈ ಸಲ ಗಿರಣಿಯ ಬಾಗಿಲನ್ನೇ ಕಾಣದ ಸೊಸೆಗೂ ಅದು ಓದಲು ಬಂತು. "ನಿನಗೊಬ್ಬಳಿಗೆ ತಿಳಿದ್ರೆ ನನಗೆ ಸಾಕು." ಅವಳು ಲ್ಯಾಪ್‌ಟಾಪ್ ಮುಚ್ಚಿ, ಸದ್ದಾಗದಂತೆ ಎದ್ದು ಬಾಗಿಲ ಕಡೆ ನಡೆದಳು. ಹಿಂದಿನಿಂದ ಅತ್ತೆಯ ದನಿ ಕೇಳಿಸಿತು.

"ತಿಳೀಲಿಲ್ಲ ಅಂದೆನಲ್ಲ. ಇನ್ನೊಂದ್ಸಲ ಹೇಳಿ."